ತೊಂಬತ್ತಾರು ಹಾಳೆಯ ನಡಿಗೆ

ಜನವರಿ 9, ಗುರುವಾರ

ಮೂರನೆಯದೂ ಮುಗಿಯಿತು. ಆಮೆಯ ಚಿತ್ರ. ನೀರು ಚೆನ್ನಾಗಿದೆ, ಆಮೆಗೆ ತೂಕವೇ ಇಲ್ಲ – ಬಲೂನಿನ ಹಾಗೆ ತೇಲುತ್ತದೆ. ನಿನ್ನೆಯ ರೋಬೋಟ್ ಚಿತ್ರ ಬರೀ ಗಲಾಟೆ. ಮೊನ್ನೆಯ ಹಿಮದ ಚಿತ್ರ ಹತ್ತು ನಿಮಿಷಕ್ಕೊಮ್ಮೆ ಅಳಿಸಿಯೇ ತೀರುತ್ತೇನೆಂದು ಪಣ ತೊಟ್ಟಂತಿದೆ. ಪ್ರಶಸ್ತಿಯ ಕೊನೆಯ ಪಟ್ಟಿಯಲ್ಲಿ ಐದು ಅನಿಮೇಶನ್ ಚಿತ್ರ. ಉಳಿದದ್ದು ಗೊಂಬೆಗಳದೊಂದು, ನನ್ನ ಹಳೆಯ ಜೊತೆಗಾರ ಗಡ್ಡನದೊಂದು.

ಭಾನುವಾರದ ಪುರವಣಿಗೆ ಲೇಖನ 23ಕ್ಕೆ ಕೊಡಬೇಕು. ಪ್ರತಿ ವರ್ಷವೂ ಅದೇ ತಲೆಬರಹ – ‘ಪ್ರಶಸ್ತಿ ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರಬೇಕು’. ಆರು ವರ್ಷದಲ್ಲಿ ಐದು ಸಲ ನನ್ನ ಮಾತೇ ನಿಜವಾಗಿದೆ. ಈಗೀಗ ತೀರ್ಪುಗಾರರೂ ಓದುತ್ತಾರಂತೆ. ಅಕ್ಕನಿಗೆ ಮಾತ್ರ ತಮಾಷೆ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಅಷ್ಟೆಲ್ಲ ಭವಿಷ್ಯ ಹೇಳ್ತೀಯಲ್ಲ, ಈ ಕೋಟಿನವರು ಯಾವತ್ತು ಬಂದು ತಗೊಂಡು ಹೋಗ್ತಾರೆ ಹೇಳು ನೋಡೋಣ” ಅಂದಳು.

ಗಡ್ಡನ ಫೋನ್ ಬಂದಿತ್ತು. “ನೋಡಿದ್ಯಾ?”

“ಇನ್ನೂ ಇಲ್ಲ.”

“ಥಿಯೇಟರಲ್ಲೇ ನೋಡು. ಲ್ಯಾಪ್‌ಟಾಪಲ್ಲಿ ಬೇಡ.”

ಧ್ವನಿಯಲ್ಲಿ ಏನೋ ಅಳುಕು. ಪಾಪ, ಮೊದಲ ಸಲ ಪಟ್ಟಿಗೆ ಬಂದಿದ್ದಾನೆ.

ಜನವರಿ 13, ಸೋಮವಾರ

ಗಡ್ಡನ ಚಿತ್ರ ನಾಳೆ. ಯಾಕೋ ಬೇರೆ ಕೆಲಸಕ್ಕೆ ಕೈಯೇ ಓಡಲಿಲ್ಲ.

ಹದಿನಾಲ್ಕು ವರ್ಷ ಅನಿಮೇಶನ್ ಸ್ಟುಡಿಯೋದಲ್ಲಿ ಒಂದೇ ಮೇಜಿನ ಆಚೆ ಈಚೆ ಕೂತವರು. ನಾನು ಪೆನ್ಸಿಲ್, ಅವನು ರಬ್ಬರ್ ಅಂತ ಸ್ಟುಡಿಯೋದವರೆಲ್ಲ ಆಡಿಕೊಳ್ಳುತ್ತಿದ್ದರು. ನಮ್ಮದೇ ಒಂದು ಚಿತ್ರ ಮಾಡುವ ಆಸೆ – ಗುಡ್ಡ ಹತ್ತಿ ಕಾಗದ ಹಂಚುವ ಅಂಚೆಯವಳ ಕಥೆ. ಅವಳಿಗೆ ಅಕ್ಕನ ನಡಿಗೆ ಕೊಟ್ಟೆ. ಚಿಕ್ಕಂದಿನಲ್ಲಿ ಪೋಲಿಯೋ ಆದ ಬಲಗಾಲು. ಮೆಟ್ಟಿಲ ಮುಂದೆ ಅರೆಕ್ಷಣ ನಿಲ್ಲುತ್ತಾಳೆ. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವ ಹಾಗೆ ತೊಡೆಗೆ ಒಂದು ತಟ್ಟು. ಆಮೇಲೆ ಹೆಜ್ಜೆ. ಎಂಟು ಸೆಕೆಂಡಿನ ನಡಿಗೆಗೆ ತೊಂಬತ್ತಾರು ಹಾಳೆ, ಇಡೀ ಒಂದು ಚಳಿಗಾಲ. ಈ ಕೈ ಬರೆದದ್ದರಲ್ಲಿ ನಿಜಕ್ಕೂ ನನ್ನದು ಅನ್ನುವಂಥದ್ದು ಅದೊಂದೇ.

ಸ್ಟುಡಿಯೋ ಮುಚ್ಚಿತು. ಗೋದಾಮಿನ ಪೈಪು ಒಡೆದು ಹಾಳೆಗಳೆಲ್ಲ ಮುದ್ದೆಯಾದವು ಎಂದು ಗಡ್ಡನೇ ಬಂದು ಹೇಳಿದ. ನಾನು ಅತ್ತಾಗ ಅವನೂ ಅತ್ತ. ಅದಾಗಿ ಹನ್ನೊಂದು ವರ್ಷ. ಆಮೇಲೆ ಪೆನ್ಸಿಲ್ ಹಿಡಿಯಲಿಲ್ಲ.

ಎಷ್ಟೋ ವರ್ಷದ ಮೇಲೆ, ಅಂಚೆಯವಳ ಕಥೆ ನಾನೊಬ್ಬನೇ ಮಾಡಲಾ ಅಂತ ಗಡ್ಡ ಕೇಳಿದ್ದ. ಮಾಡು ಅಂದಿದ್ದೆ. ಕಥೆ ಇಬ್ಬರದೂ. ನಡಿಗೆಯಂತೂ ನೀರುಪಾಲಾಗಿತ್ತಲ್ಲ.

ಜನವರಿ 14, ಮಂಗಳವಾರ, ಸಂಜೆ 5

ನೀರುಪಾಲಾಗಿಲ್ಲ.

ಹನ್ನೊಂದನೆಯ ನಿಮಿಷ. ಅಂಚೆಯವಳು ಮೆಟ್ಟಿಲ ಮುಂದೆ ನಿಂತಳು. ತೊಡೆ ತಟ್ಟಿದಳು. ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಹದಿನೇಳನೆಯ ಹಾಳೆಯಲ್ಲಿ ಹಿಮ್ಮಡಿ ಕೊಂಚ ಹೊರಕ್ಕೆ ಜಾರಿತ್ತು – ನನ್ನದೇ ತಪ್ಪು, ತಿದ್ದಿರಲಿಲ್ಲ. ಆ ತಪ್ಪೂ ಹಾಗೇ ಇದೆ. ಬಣ್ಣ ಹೊಸದು, ಗೆರೆ ನನ್ನದು.

ಆಮೇಲಿನ ಒಂದೂವರೆ ಗಂಟೆಯೂ ಅವಳು ಹಾಗೇ ನಡೆಯುತ್ತಾಳೆ. ಕೆಸರಲ್ಲಿ, ಗಾಳಿಯಲ್ಲಿ, ಇಳಿಜಾರಲ್ಲಿ. ಅದನ್ನೆಲ್ಲ ನಾನು ಬರೆದಿಲ್ಲ. ಆದರೂ ಅದು ಅಕ್ಕನೇ. ಹೇಗೆ?

ಜನ ಎದ್ದು ಹೋದರು. ಹೆಸರುಗಳು ಮೇಲೇರುವುದನ್ನು ನೋಡುತ್ತ ಕೂತೆ. ನೂರಾರು ಹೆಸರು. ನನ್ನದಿಲ್ಲ. ಕೊನೆಕೊನೆಗೆ ಒಂದು ಸಾಲು – ‘ಅಂಚೆಯವಳ ನಡಿಗೆ’. ಅದರ ಮುಂದೆ ಅಕ್ಕನ ಹೆಸರು. ಪೂರ್ತಿ ಹೆಸರು, ಇನಿಶಿಯಲ್ ಸಮೇತ.

ಕಸ ಗುಡಿಸುವವಳು ಬಂದು “ಏಳಿ ಮೇಡಂ” ಎನ್ನುವವರೆಗೆ ಕೂತೇ ಇದ್ದೆ.

ಅದೇ ದಿನ, 8 ಗಂಟೆ

ಕೇಳಿದೆ. ಅಕ್ಕ ಕೋಟಿನ ಗುಂಡಿಗೆ ಕಾಜಾ ಹಾಕುತ್ತಿದ್ದಳು. ಸೂಜಿ ನಿಲ್ಲಲಿಲ್ಲ.

“ಮಂಗಳವಾರ ಮಂಗಳವಾರ ಫಿಸಿಯೋಥೆರಪಿಗೆ ಹೋಗ್ತಿದ್ನಲ್ಲ, ಎರಡು ವರ್ಷ... ಗಡ್ಡನ ಹೊಸ ಸ್ಟುಡಿಯೋಗೆ ಹೋಗ್ತಿದ್ದೆ. ಕ್ಯಾಮೆರಾ ಮುಂದೆ ನಡೀತಿದ್ದೆ.”

ಆ ಡಾಕ್ಟರ ಕೈಗುಣ ದೊಡ್ಡದು, ಅಕ್ಕ ಈಗ ಎಷ್ಟು ಗೆಲುವಾಗಿದ್ದಾಳೆ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದವಳು ನಾನೇ!

“ನನ್ನ ಹಾಳೆ? ಅವು ನೆಂದಿಲ್ಲ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಮೊದಲನೇ ದಿನಾನೇ ತೋರಿಸ್ದ.”

“ಒಂದು ಮಾತು ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

ಆಗ ಸೂಜಿ ನಿಂತಿತು. “ನೀನು ನನ್ನ ಕೇಳಿದ್ಯಾ? ಅಡುಗೆಮನೆ ಕಿಟಕಿ ಹಿಂದೆ ನಿಂತ್ಕೊಂಡು ಕದ್ದು ಬರ್ಕೊಂಡೆ. ಒಂದು ಚಳಿಗಾಲ ಪೂರ್ತಿ. ನನಗೆ ಕಾಣಿಸ್ತಿರ್ಲಿಲ್ಲ ಅಂದ್ಕೊಂಡಿದ್ಯಾ? ಅವನು ಬಂದು ಎದುರಿಗೆ ಕೂತು ಕೇಳ್ದ – ‘ಅಕ್ಕಾ, ನಿಮ್ಮ ನಡಿಗೆ ಕೊಡ್ತೀರಾ’ ಅಂತ. ಇಷ್ಟು ವರ್ಷದಲ್ಲಿ ಈ ಕಾಲನ್ನ ಯಾರಾದ್ರೂ ಹಾಗೆ ಕೇಳಿದಾರಾ?”

ಅವಳು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಜನವರಿ 16, ಗುರುವಾರ

ಗಡ್ಡನ ಆಫೀಸು. ಗೋಡೆ ತುಂಬ ಅಂಚೆಯವಳ ಪೋಸ್ಟರ್. ಗಡ್ಡ ಪೂರ್ತಿ ನೆರೆತಿದೆ. ಕಾಫಿ ತರಿಸಿದ. ಮುಟ್ಟಲಿಲ್ಲ.

ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ. ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆ ಅಂದುಕೊಂಡಿರಲಿಲ್ಲ. “ಸ್ಟುಡಿಯೋ ಮುಚ್ಚಿದಾಗ ನೀನು ಎಲ್ಲಾ ಸುಟ್ಟು ಹಾಕ್ತೀನಿ ಅಂತಿದ್ದೆ. ಉಳಿಸ್ಕೋಬೇಕು ಅನ್ನಿಸ್ತು.”

“ಉಳಿಸ್ಕೊಂಡೆ, ಸರಿ. ಹೆಸರು ಹಾಕೋಕೆ ಏನಾಗಿತ್ತು?”

ಲೋಟ ತಿರುಗಿಸುತ್ತ ಕೂತ. ಆಮೇಲೆ ಮೆಲ್ಲಗೆ, “ನಿನ್ನ ಹೆಸರು ಇದ್ದಿದ್ರೆ ಈ ಚಿತ್ರದ ಬಗ್ಗೆ ನೀನು ಬರೆಯೋ ಹಾಗಿರ್ಲಿಲ್ಲ. ನಿನ್ನ ಮಾತಿಗೆ ಎಷ್ಟು ತೂಕ ಇದೆ ಅಂತ ನಿನಗೇ ಗೊತ್ತಿಲ್ಲ ಕಣೇ. ನೀನು ‘ಬರಬೇಕು’ ಅಂದ್ರೆ ಬರುತ್ತೆ.”

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ಬೇಕಿತ್ತು, ತಗೊಂಡ. ಈಗ ಬಾಯಿಯೂ ಬೇಕು. ಎರಡೂ ಒಬ್ಬಳದೇ ಅಂತ ಮಾತ್ರ ಜನಕ್ಕೆ ತಿಳಿಯಬಾರದು.

“ಬೇರೆ ಚಿತ್ರಕ್ಕೆ ಬರಬೇಕು ಅಂತ ಬರೆದ್ರೆ?”

“ಬರೆಯಲ್ಲ ನೀನು. ಸುಳ್ಳು ಬರೆಯೋಕೆ ನಿನ್ನಿಂದ ಆಗಲ್ಲ.”

ನನ್ನನ್ನು ಇಷ್ಟು ಬಲ್ಲವನು ಬೇರೆ ಯಾರೂ ಇಲ್ಲ. ಹಾಗಾಗಿಯೇ ಇರಿದದ್ದು ನೇರವಾಗಿ ನಾಟಿತು.

ಜನವರಿ 22, ಬುಧವಾರ

ಗೊಂಬೆಗಳ ಚಿತ್ರ ಎರಡು ಸಲ ನೋಡಿದೆ. ಅದೇ ಚೆನ್ನಾಗಿದೆ ಅನ್ನಿಸಲಿ ಎಂದು ಹಟ ಹಿಡಿದು ನೋಡಿದೆ. ಅನ್ನಿಸಲಿಲ್ಲ. ಒಳ್ಳೆಯ ಚಿತ್ರ, ಅಷ್ಟೇ. ಅಂಚೆಯವಳು ಬೇರೆಯೇ. ಕೆಸರಲ್ಲಿ ಜಾರಿ, ಯಾರೂ ನೋಡಲಿಲ್ಲ ತಾನೇ ಎಂದು ಸುತ್ತ ನೋಡಿ ನಗುತ್ತಾಳಲ್ಲ – ಅದಕ್ಕೆ ಎದುರು ನಿಲ್ಲುವಂಥದ್ದು ಐದರಲ್ಲಿ ಇನ್ನೊಂದಿಲ್ಲ. ಮನೆಯಲ್ಲಿ ಅಕ್ಕ ಹಾಗೆ ನಕ್ಕದ್ದು ನಾನು ಕಂಡಿಲ್ಲ. ಅವನ ಕ್ಯಾಮೆರಾ ಮುಂದೆ ನಕ್ಕಿದ್ದಾಳೆ.

ಜನವರಿ 23, ಗುರುವಾರ

ಬರೆದು ಕಳಿಸಿದೆ. ಬರುವುದೂ ಅದಕ್ಕೇ, ಬರಬೇಕಾದದ್ದೂ ಅದಕ್ಕೇ. ಕೊನೆಯ ಪ್ಯಾರಾದಲ್ಲಿ ನಾಲ್ಕು ಸಾಲು: ಈ ನಡಿಗೆಯ ಮೊದಲ ತೊಂಬತ್ತಾರು ಹಾಳೆ ಬರೆದವಳು ನಾನು, ನಡೆದವಳು ನನ್ನ ಅಕ್ಕ, ನನ್ನ ಹೆಸರನ್ನು ಬೇಕೆಂದೇ ಬಿಡಲಾಗಿದೆ, ಆದ್ದರಿಂದ ನನ್ನ ಮಾತನ್ನು ಎಷ್ಟು ನಂಬಬೇಕೆಂದು ಓದುಗರೇ ತೀರ್ಮಾನಿಸಲಿ.

ಅಕ್ಕನಿಗೆ ಓದಿ ಹೇಳಿದೆ. ಕದ್ದು ಬರೆದೆ ಅನ್ನಬಾರದಲ್ಲ. ಪೂರ್ತಿ ಕೇಳಿಸಿಕೊಂಡಳು. ಬಟ್ಟೆ ಮಡಿಸಿಟ್ಟು ಒಳಗೆ ಹೋದಳು.

ಎಷ್ಟೋ ದಿನದ ಮೇಲೆ ಹಸಿವಾಯಿತು.

ಜನವರಿ 26, ಭಾನುವಾರ

ಕೊನೆಯ ಪ್ಯಾರಾ ಇಲ್ಲ.

ಸಂಪಾದಕನಿಗೆ ಫೋನ್ ಮಾಡಿದೆ. ಅವನಿಗೇ ಆಶ್ಚರ್ಯ. “ನೀವೇ ತೆಗೀರಿ ಅಂತ ಹೇಳಿ ಕಳಿಸಿದ್ರಲ್ಲ ಮೇಡಂ? ಶುಕ್ರವಾರ ನಿಮ್ಮಕ್ಕ ಫೋನ್ ಮಾಡಿದ್ರು. ನಿಮಗೆ ಗಂಟಲು ಕಟ್ಟಿದೆ, ಮಾತಾಡೋಕಾಗ್ತಿಲ್ಲ ಅಂದ್ರು.”

ಅಕ್ಕ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

“ಹೌದು, ನಾನೇ ಹೇಳ್ದೆ. ಹುಟ್ಟಿದಾಗಿಂದ ಒಂದೇ ಒಂದು ಸಲ ನನ್ನ ಹೆಸರು ಅಷ್ಟು ದೊಡ್ಡದಾಗಿ ಬಂದಿದೆ. ಅದರ ಪಕ್ಕದಲ್ಲೇ ಜಗಳ ಬೇಡ ಅನ್ನಿಸ್ತು.”

“ಜಗಳ ಅಲ್ಲ ಅಕ್ಕಾ, ಅದು ನಿಜ.”

“ನಿನಗೆ ನಿಜ. ಓದೋರಿಗೆ ಜಗಳಾನೇ.”

ತಿದ್ದುಪಡಿ ಹಾಕಿಸಬಹುದಿತ್ತು. ಸಂಪಾದಕ ಹಾಕುತ್ತೇನೆಂದೇ ಅಂದ. ಆದರೆ ಅಕ್ಕ ಸುಳ್ಳುಗಾರ್ತಿ ಎಂದು ಪತ್ರಿಕೆಯಲ್ಲಿ ಬರೆಸಬೇಕಾಗುತ್ತಿತ್ತು. ಬೇಡ ಅಂದುಬಿಟ್ಟೆ.

ಸಂಜೆ ಗಡ್ಡನ ಮೆಸೇಜ್: ‘ಥ್ಯಾಂಕ್ಸ್’. ಜತೆಗೊಂದು ಹೂಗುಚ್ಛದ ಚಿತ್ರ.

ಫೆಬ್ರವರಿ 17, ಸೋಮವಾರ

ಮೂರು ವಾರದಿಂದ ಬರೆದಿಲ್ಲ. ಬರೆಯಲು ಮಾತೇ ಇಲ್ಲ. ‘ಊಟ ಇಟ್ಟಿದೆ’, ‘ಬಾಗಿಲು ಹಾಕ್ಕೋ’ – ಮನೆಯಲ್ಲಿ ಇಷ್ಟೇ. ಅಕ್ಕ ಸಮಾರಂಭಕ್ಕೆ ತನಗೊಂದು ಕೋಟು ಹೊಲಿದುಕೊಳ್ಳುತ್ತಿದ್ದಾಳೆ. ಕಡುನೀಲಿ. ಇಷ್ಟು ಕಾಲ ಊರಿಗೆಲ್ಲ ಹೊಲಿದವಳು.

ಚೆನ್ನಾಗಿದೆ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.

ಮಾರ್ಚ್ 3, ಸೋಮವಾರ, ಬೆಳಗ್ಗೆ 10.20

ಬಂತು. ಅಂಚೆಯವಳಿಗೇ. ಏಳರಲ್ಲಿ ಆರು ಸಲ ನನ್ನ ಮಾತು ನಿಜ.

ನಿನ್ನೆ ಸಂಜೆ ಟಿವಿಯಲ್ಲಿ ಒಬ್ಬಳೇ ನೋಡಿದೆ. ಗಡ್ಡ ತೀರ್ಪುಗಾರರಿಗೆ, ಹೆಂಡತಿಗೆ, ಸತ್ತ ಅಪ್ಪನಿಗೆ ವಂದನೆ ಹೇಳಿದ. ಆಮೇಲೆ ‘ಈ ಚಿತ್ರದ ಪ್ರಾಣ’ ಎಂದು ಅಕ್ಕನನ್ನು ವೇದಿಕೆಗೆ ಕರೆದ. ಐದು ಮೆಟ್ಟಿಲು. ಯಾರೋ ಕೈ ಕೊಡಲು ಬಂದರು, ಬೇಡ ಅಂದಳು. ಸಭೆಗೆ ಸಭೆಯೇ ಎದ್ದು ನಿಂತಿತು. ನಾನೂ ನಿಂತಿದ್ದೇನೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಈಗ ಅಕ್ಕನ ಫೋನ್. ಎಲ್ಲಿಂದಲೋ, ಹಿಂದೆ ಜನರ ಸದ್ದು.

“ನೋಡಿದ್ಯಾ?”

“ನೋಡ್ದೆ.”

“ಮೈಕಲ್ಲಿ ನಿನ್ನ ಹೆಸರು ಹೇಳೋಣ ಅಂತ ಬಾಯಿ ತೆರೆದೆ ಕಣೇ. ಅವನು ನನ್ನ ಕೈ ಅದುಮಿದ. ಸುಮ್ಮನಾದೆ.”

“ಕೈ ತಾನೇ ಅದುಮಿದ್ದು? ಬಾಯಲ್ಲವಲ್ಲ.”

ಆ ಕಡೆ ಯಾವುದೋ ಬಸ್ಸಿನ ಹಾರನ್.

“ಹ್ಞೂಂ. ಬಾಯಲ್ಲ.” ಮೂಗು ಒರೆಸಿಕೊಂಡ ಸದ್ದು. “ಹನ್ನೊಂದೂಕಾಲಿಗೆ ಬಸ್ಸು ಬರುತ್ತೆ. ಸ್ಟ್ಯಾಂಡಿಗೆ ಬರ್ತೀಯಾ? ಬ್ಯಾಗು ಭಾರ ಇದೆ.”

ಇಟ್ಟುಬಿಟ್ಟಳು. ಬರುತ್ತೇನೆಂದು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

10.50

ಚಪ್ಪಲಿ ಹಾಕಿಕೊಂಡು ಕೂತಿದ್ದೇನೆ. ನಡೆದರೆ ಸ್ಟ್ಯಾಂಡಿಗೆ ಇಪ್ಪತ್ತು ನಿಮಿಷ. ಹೋಗಿ ಬ್ಯಾಗು ಹಿಡಿದರೆ ಎಲ್ಲ ಮರೆತೆ ಅಂತ ಅರ್ಥ ಆಗುತ್ತದೆ. ಮರೆತಿಲ್ಲ. ಹೋಗದಿದ್ದರೆ ಅವಳು ಆ ಬ್ಯಾಗು ಎತ್ತಿಕೊಂಡು ಅಷ್ಟು ಜನರ ನಡುವೆ... ಈಗ ಎಲ್ಲರೂ ಗುರುತು ಹಿಡಿಯುತ್ತಾರೆ, ನಿಂತು ನೋಡುತ್ತಾರೆ, ಯಾರೂ ಬ್ಯಾಗು

ಬೀಗದ ಕೈ ಎಲ್ಲಿ