ಕುಂಕುಮವಿಟ್ಟ ಸ್ಪ್ಯಾನರು

ಪಾಯಿಂಟ್ ಕುಕ್, ಮೆಲ್ಬರ್ನ್
ಅಕ್ಟೋಬರ್ 1994

ಅಪ್ಪನಿಗೆ, ಗಾಳಿಯಂತ್ರದಿಂದ ಈಗಷ್ಟೇ ಇಳಿದ ಕುಮುದಳ ನಮಸ್ಕಾರ.

‘ಹೆಣ್ಣುಮಗಳು ಅಷ್ಟೆತ್ತರ ಹತ್ತೋದು ಬೇಡ, ಅಳಿಯಂದಿರು ಹತ್ತಲಿ’ ಎಂದು ಬರೆದಿದ್ದೀರಿ. ಎತ್ತರ ಕಂಡರೆ ನಿಮ್ಮ ಅಳಿಯಂದಿರಿಗೆ ತಲೆ ಸುತ್ತುತ್ತದೆ. ಅವರು ಕೆಳಗೆ ಏಣಿ ಹಿಡಿದಿದ್ದರು.

ನಾವು ಕೊಂಡ ಜಮೀನಿನಲ್ಲಿ ಬಾವಿಯಿಂದ ನೀರೆತ್ತುವ ಈ ಗಾಳಿಯಂತ್ರಕ್ಕೆ ಎಂಬತ್ತು ವರ್ಷ. ಗೋಪುರವನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಕುದುರೆಗಳಿಂದ ಎಳೆಸಿ ನಿಲ್ಲಿಸಿದರಂತೆ. ಹಗ್ಗಕ್ಕೆ ಆಗ ಇಲ್ಲಿದ್ದ ಮನೆಯವರ ಹೆಂಗಸರೂ ಕೈ ಹಾಕಿದ್ದರೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ಯಂತ್ರ ಕೆಟ್ಟು ಹತ್ತು ವರ್ಷವಾಗಿತ್ತು. ಎಲ್ಲರೂ ಗುಜರಿಗೆ ಹಾಕಿ ಎಂದರು. ನಾನು ಹತ್ತಿ, ಸವೆದ ಹಲ್ಲುಚಕ್ರ ಬದಲಿಸಿ ಎಣ್ಣೆ ತುಂಬಿದೆ. ಈಗ ನೀರು ಬರುತ್ತಿದೆ.

ಊರಿನಲ್ಲಿ ಆಯುಧಪೂಜೆಗೆ ನನ್ನ ಪಾಲಿಗೆ ರಂಗೋಲಿ ಬರುತ್ತಿತ್ತು. ನಿಮ್ಮ ಸ್ಪ್ಯಾನರುಗಳಿಗೆ ಕುಂಕುಮ ಇಡುವುದು ಮಾತ್ರ ತಮ್ಮ ಶ್ರೀಪಾದನ ಪಾಲಾಗಿತ್ತು. ನಾನು ಮುಟ್ಟಿದರೆ ‘ಕೈಗೆ ಎಣ್ಣೆ ಹತ್ತುತ್ತೆ, ಬಿಡಮ್ಮ’ ಎನ್ನುತ್ತಿದ್ದಿರಿ. ಈ ಸಲ ಇಲ್ಲಿ ನನ್ನ ಸ್ಪ್ಯಾನರುಗಳಿಗೆ ಕುಂಕುಮ ನಾನಿಟ್ಟೆ. ರಂಗೋಲಿ ನಿಮ್ಮ ಅಳಿಯಂದಿರದು.

ಶ್ರೀಪಾದ ಬ್ಯಾಂಕಿನಲ್ಲಿದ್ದಾನೆ, ನಿಮ್ಮ ದೊಡ್ಡ ಸ್ಪ್ಯಾನರಿಗೆ ಅಲ್ಲಿ ಕೆಲಸವಿಲ್ಲ. ಜನವರಿಯಲ್ಲಿ ಇಲ್ಲಿಗೆ ಬರುವಾಗ ಅದನ್ನು ನನಗೆ ತನ್ನಿ. ಮೇಲೆ ಒಂದು ಬೋಲ್ಟು ಇನ್ನೂ ಸಡಿಲವಿದೆ. ನಾನು ಹತ್ತುತ್ತೇನೆ, ಏಣಿ ನೀವು ಹಿಡಿದುಕೊಳ್ಳಿ.

ಎಣ್ಣೆಗೈಯ ಮಗಳು,
ಕುಮುದ