ನಾನೇ ಕೇಳಿದ ಪ್ರಯಾಣ

ಭಾನುವಾರ, ಬೆಳಿಗ್ಗೆ

ನನ್ನ ಮುದ್ದು ಪುಟ್ಟಿಗೆ, ಅಕ್ಕನ ಅಪ್ಪುಗೆ.

ಅಮ್ಮನ ಮಂಡಿನೋವು ಹೇಗಿದೆ? ಅವಳನ್ನು ನೋಡಿಕೊಳ್ಳಲೆಂದು ನೀನು ಹೋದಾಗಿನಿಂದ ಈ ಮನೆಯಲ್ಲಿ ನನಗೆ ಜಗಳವಾಡಲೂ ಜನವಿಲ್ಲ. ನಿನ್ನ ಗಂಡ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದಾನೆ, ಚಿಂತೆ ಬೇಡ. ನಾನೂ ಚೆನ್ನಾಗಿದ್ದೇನೆ. ಹೊಟ್ಟೆಯೊಳಗಿನದು ಒದೆಯುವುದರಲ್ಲಿ ಥೇಟ್ ನೀನೇ.

ಹೋದ ವಾರ ಇವರ ಹತ್ತಿರ ಒಂದು ಬಯಕೆ ಹೇಳಿಕೊಂಡೆ. ಇವರು ಕೆಲಸ ಕಳೆದುಕೊಂಡಿದ್ದ ವರ್ಷಗಳಲ್ಲಿ, ನಿನ್ನನ್ನು ಇಲ್ಲೇ ಬಿಟ್ಟು, ಇವರು, ನಾನು, ನಿನ್ನ ಗಂಡ ಕಾಡಿನಂಚಿನಲ್ಲಿ ಬಾಡಿಗೆಗಿದ್ದೆವಲ್ಲ, ಆ ಮನೆಯನ್ನೂ ಪಕ್ಕದ ಟೀಚರಮ್ಮನನ್ನೂ ಒಮ್ಮೆ ನೋಡಿ ಬರಬೇಕು ಅಂತ. ಲಾಂಡ್ರಿ ಬಿಟ್ಟು ಅರ್ಧ ದಿನ ಅಲ್ಲಾಡದ ಮನುಷ್ಯ ತಕ್ಷಣ ಹೂಂ ಅಂದುಬಿಟ್ಟರು. ತಾವು ಬರುವುದಿಲ್ಲವಂತೆ. ನಿನ್ನ ಗಂಡನನ್ನು ತೋರಿಸಿ, ತಮ್ಮ ಕರ್ಕೊಂಡು ಹೋಗ್ತಾನೆ, ಎರಡು ದಿನ ಇದ್ದು ಬಾ ಅಂದರು. ಖುಷಿಯಾಗಬೇಕಿತ್ತು. ಆಗಲಿಲ್ಲ.

ನೀನು ಹೋದ ಮೇಲೆ ಇಲ್ಲೊಂದು ಮಾತು ಎದ್ದಿದೆ. ಲಾಂಡ್ರಿ ಕೆಲಸಗಾರರೆಲ್ಲರ ಸ್ವತ್ತು, ಇವರು ಅವರೇ ಆರಿಸಿದ ಅಧ್ಯಕ್ಷರು. ಯಾರೊಬ್ಬ ಬಾಯಿಬಿಟ್ಟು ದೂರಿದರೂ ಅಧ್ಯಕ್ಷರು ಅದನ್ನು ಸರಿಪಡಿಸಲೇಬೇಕು ಎಂಬ ಕಟ್ಟಳೆ ತಂದವರೂ ಇವರೇ. ಇಸ್ತ್ರಿ ಮೇಜಿನವನೊಬ್ಬ, ಹೆಂಡತಿ ಒಂದು ರಾತ್ರಿ ಬೇರೆಡೆ ಉಳಿದಳೆಂದು ರಂಪ ಮಾಡಿ, ಕಂಡೋರ ಮನೇಲಿದ್ದು ಬಂದವಳನ್ನ ಮತ್ತೆ ಸೇರಿಸ್ಕೊಳ್ಳೋಕೆ ನಾನೇನು ಅಧ್ಯಕ್ಷನಾ ಅಂದನಂತೆ. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ಕೆಲವರು ನಕ್ಕರಂತೆ. ಇವರ ಪಾಲಿಗೆ ಅದೂ ಒಂದು ದೂರೇ.

ಲಾಂಡ್ರಿಯನ್ನು ನುಂಗಲು ನೋಡಿದ ಆ ಕಂಟ್ರಾಕ್ಟರ್ ಇವರ ಮೇಲಿನ ಸೇಡಿಗೆ ನನ್ನನ್ನು ಹೊತ್ತೊಯ್ದು ಕೂಡಿಹಾಕಿದ್ದ. ಇವರು ಬಿಡಿಸಿ ತಂದ ಮೇಲೆ ಇದೇ ಜನರೆದುರು ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಒಂದೊಂದು ಪ್ರಶ್ನೆಯೂ ಕೆಂಡ. ಇವರು ತಲೆ ತಗ್ಗಿಸಿ ಕೂತಿದ್ದರು. ಅಷ್ಟು ಸಾಲದಾಯಿತೇನೆ?

ಈಗ ನಾನು ಊಟ ಬಡಿಸುವಾಗ ಇವರು ನನ್ನ ಕೈಯನ್ನೇ ನೋಡುತ್ತಾರೆ. ನಾನು ಮುಖ ನೋಡಿದರೆ ಗೋಡೆ ನೋಡುತ್ತಾರೆ. ಜಗಳವಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಇವರಿಗೆ ನನ್ನ ಮೇಲೆ ಪ್ರಾಣ, ಅದು ನನಗೆ ಗೊತ್ತು. ಆದರೂ ನನ್ನನ್ನು ಅಲ್ಲೇ ಬಿಟ್ಟು ಬಾ ಎಂದು ತಮ್ಮನಿಗೆ ಹೇಳಿದ್ದಾರೇನೋ ಎಂಬ ಯೋಚನೆ ಬಿಡುತ್ತಿಲ್ಲ. ಇವರನ್ನೇ ಕೇಳಲು ಹೆದರಿಕೆ. ಹೌದು ಅಂದುಬಿಟ್ಟರೆ?

ನಿನ್ನ ಗಂಡನನ್ನು ಕೇಳಿದೆ. ಅಣ್ಣ ಹೇಳಿದ್ದು ಮಾಡ್ತೀನಿ ಅತ್ತಿಗೆ, ನನ್ನನ್ನ ಏನೂ ಕೇಳ್ಬೇಡಿ ಅಂದ. ಎಂದೂ ನನಗೆ ಸುಳ್ಳು ಹೇಳದವನು, ಅರ್ಧ ತಟ್ಟೆ ಬಿಟ್ಟು ಎದ್ದು ಹೋದ.

ಇದೆಲ್ಲ ಬಸುರಿಯ ಭ್ರಮೆ ಇರಬೇಕು ಬಿಡು. ಇವತ್ತು ಹೊರಟು ಮಂಗಳವಾರ ವಾಪಸು ಬಂದು ಬರೆಯುತ್ತೇನೆ, ಆಗ ಮನಸಾರೆ ಗೇಲಿ ಮಾಡು. ಅಮ್ಮನಿಗೆ ಮಾತ್ರ ಇದನ್ನು ಓದಿ ಹೇಳಬೇಡ.

ನಿನ್ನ ಪುಕ್ಕಲು
ಅಕ್ಕ

ತಾ.ಕ.: ಚೀಲ ಇಡಲು ಈಗಷ್ಟೇ ಲಾಂಡ್ರಿ ವ್ಯಾನಿನ ಹಿಂಬಾಗಿಲು ತೆಗೆದೆ. ಚಾದರಗಳ ಕೆಳಗೆ ತೊಟ್ಟಿಲಿದೆ. ಮಗುವಿಗೆ ಚುಚ್ಚಬಾರದೆಂದು ಇವರೇ ಕೂತು ಮರ ಉಜ್ಜಿ ಉಜ್ಜಿ ನುಣುಪು ಮಾಡಿದ ತೊಟ್ಟಿಲು. ಹೆರಿಗೆಗೆ ಇನ್ನೂ ಮೂರು ತಿಂಗಳಿದೆ. ಎರಡು ದಿನಕ್ಕೆ ಹೋಗುವವಳ ಜೊತೆ ಯಾರಾದರೂ ತೊಟ್ಟಿಲು ಕಳಿಸುತ್ತಾರೇನೆ, ಪುಟ್ಟಿ?