ಅಂಜಕ್ಕನ ಬಂಡಿಗೆ ಸರಪಳಿ ಹಾಕಿದ ಅಧಿಕಾರಿಗಳಿಗೆ

ಬೇರಿಕೆ, ಏಪ್ರಿಲ್ 1982

ಮಾನ್ಯ ಮೋಟಾರು ವಾಹನ ಅಧಿಕಾರಿಗಳೇ,

ತಮ್ಮ ಕಚೇರಿಯ ಅಂಗಳದ ಹುಣಸೆಮರಕ್ಕೆ ಸರಪಳಿಯಲ್ಲಿ ಕಟ್ಟಿಹಾಕಿರುವ ನೀಲಿ ವ್ಯಾನು ನನ್ನದು. ಹತ್ತೊಂಬತ್ತು ವಾರಗಳಾದವು. ಸರಪಳಿ ಸಾಲದೆಂದು ಮುಂದಿನ ಎರಡು ಚಕ್ರಗಳನ್ನೂ ಬಿಚ್ಚಿಸಿ ಉಗ್ರಾಣದಲ್ಲಿ ಇಟ್ಟಿದ್ದೀರಂತೆ. ತಮ್ಮ ಮುಂಜಾಗ್ರತೆಯನ್ನು ಮೆಚ್ಚಲೇಬೇಕು. ಬಿಡಿಸಿಕೊಡಿ ಎಂದು ನಾಲ್ಕು ಅರ್ಜಿ ಕೊಟ್ಟೆ. ನಮ್ಮ ಬೇರಿಕೆ ತಮಿಳುನಾಡಿಗೆ ಸೇರಿದ್ದರಿಂದ ನಾಲ್ಕನ್ನೂ ತಿಳಿದವರಿಂದ ಒಳ್ಳೆಯ ತಮಿಳಿನಲ್ಲಿ ಬರೆಸಿ, ಸ್ಟಾಂಪು ಹಚ್ಚಿ, ತಮ್ಮ ಗುಮಾಸ್ತರ ಕೈಗೇ ಇಟ್ಟೆ. ಒಂದನ್ನೂ ತಾವು ಓದಲಿಲ್ಲ. ಹಾಗಾಗಿ ಐದನೆಯದನ್ನು ನನ್ನ ಮನೆಮಾತಿನಲ್ಲೇ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ಓದದೇ ಇರುವುದಕ್ಕೆ ಯಾವ ಭಾಷೆಯಾದರೇನು? ಬೇರೆಯವರಾದರೂ ಓದುತ್ತಾರೆ.

ನಾನು ಇಪ್ಪತ್ತೆರಡು ವರ್ಷ ಬೇರಿಕೆಯಿಂದ ಬೆಂಗಳೂರಿಗೆ ಲಾರಿಯಲ್ಲಿ ಕೋಸು, ಟೊಮೇಟೊ ಸಾಗಿಸಿದವನು. ನನ್ನ ಅಕ್ಕ ಅಂಜಮ್ಮನನ್ನು ತಾವು ಒಮ್ಮೆ ನೋಡಿದ್ದೀರಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಾಗಲೂರಿನಿಂದ ಡೆಂಕಣಿಕೋಟೆಯವರೆಗೆ ಆಕೆಯನ್ನು ಎಲ್ಲರೂ ಅಂಜಕ್ಕ ಎನ್ನುತ್ತಾರೆ, ಯಾಕೆಂದರೆ ಆಕೆ ಸೋಬಾನೆ ಹಾಡುವವಳು. ನಮ್ಮ ಕಡೆ ಮದುವೆಮನೆಯಲ್ಲಿ ಒನಕೆಗೆ ಅರಿಸಿನದ ಕೊಂಬು ಕಟ್ಟಿದ ಮೇಲೆ ಸೋಬಾನೆ ಶುರುವಾಗದೆ ಯಾರೂ ಒನಕೆ ಎತ್ತುವುದಿಲ್ಲ. ಹೆಣ್ಣಿನ ಕಡೆಯವರು ಕನ್ನಡದವರು, ಗಂಡಿನ ಕಡೆಯವರು ತೆಲುಗಿನವರು ಆಗಿರುವುದೂ ಉಂಟು. ಅಂಜಕ್ಕ ಎರಡರಲ್ಲೂ ಹಾಡುತ್ತಿದ್ದಳು. ಬೀಗರ ಜಿಪುಣತನ, ಬೀಗಿತ್ತಿಯ ನಡಿಗೆ ಎಲ್ಲವನ್ನೂ ನಿಂತ ನಿಲುವಿನಲ್ಲೇ ಹಾಡಿಗೆ ಸೇರಿಸಿ ಆಡಿಕೊಳ್ಳುತ್ತಿದ್ದಳು. ಹೀಗೆ ಒಂದು ಮದುವೆ ಮುಗಿಸಿ ಬರುವಾಗ ಎತ್ತಿನ ಗಾಡಿ ಮಗುಚಿ ಸೊಂಟ ಮುರಿಯಿತು. ಅಂದಿನಿಂದ ಆಕೆ ಮಲಗಬಲ್ಲಳು, ಒರಗಬಲ್ಲಳು, ಕೂರಲಾರಳು. ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಗಾಡಿಯ ಕುಲುಕಾಟ ತಡೆದುಕೊಳ್ಳಲು ಆಕೆಗೆ ಆಗಲಿಲ್ಲ. ಎಂಟು ವರ್ಷ ಒಂದೇ ಕೋಣೆಯ ಜಂತೆ ನೋಡುತ್ತಾ ಮಲಗಿದಳು. ಮದುವೆಯ ಹೆಂಗಸರು ಬಂದು, ಇಲ್ಲೇ ಎರಡು ಸೊಲ್ಲು ಹೇಳಕ್ಕ ಎಂದು ಕೇಳಿದರೆ, "ಮದುಮಗಳ ಮೊಕ ಕಾಣ್ದೆ ಏನಂತ ಹಾಡ್ಲವ್ವ" ಎಂದು ಅತ್ತ ತಿರುಗಿಕೊಳ್ಳುತ್ತಿದ್ದಳು. ಅದನ್ನು ಕೇಳಿಸಿಕೊಂಡು ಲಾರಿ ಹತ್ತಿ ಹೋಗುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಆ ಕಾಲಕ್ಕೆ ಮದ್ರಾಸು ರಸ್ತೆಯಲ್ಲಿ ಗಡ್ಡ ಬಿಟ್ಟ ಬಿಳಿಯರ ವ್ಯಾನುಗಳು ಓಡಾಡುತ್ತಿದ್ದವು. ಶೂಲಗಿರಿಯ ಹತ್ತಿರ ಅಂಥದೊಂದು ಕೆಟ್ಟು ನಿಂತಿತ್ತು. ಫ್ಯಾನ್‌ಬೆಲ್ಟು ಕಟ್ಟಿಕೊಟ್ಟದ್ದಕ್ಕೆ ಅದರಲ್ಲಿದ್ದ ಬಿಳಿ ಹೆಂಗಸು ನನ್ನನ್ನು ಒಳಗೆ ಕರೆದು ಚಹಾ ಕೊಟ್ಟಳು. ಒಳಗೆ ಮಂಚ ಇತ್ತು, ಒಲೆ ಇತ್ತು, ಕಿಟಕಿಗೆ ಪರದೆ ಇತ್ತು. ಮನುಷ್ಯರು ಮಲಗಿಕೊಂಡೇ ಊರೂರು ಸುತ್ತಬಹುದು ಎಂದು ನನಗೆ ತಿಳಿದದ್ದು ಆವತ್ತು. ಅವರು ಅದೆಷ್ಟು ದೇಶಗಳ ಗಡಿ ದಾಟಿ ಬಂದಿದ್ದರೋ. ಯಾವ ಗಡಿಯಲ್ಲೂ ಇದು ಮನೆಯೋ ವಾಹನವೋ ಎಂದು ಯಾರೂ ಕೇಳಿರಲಿಲ್ಲವಂತೆ. ಆ ದೇಶಗಳಲ್ಲಿ ತಮ್ಮಂಥವರು ಇಲ್ಲ ಎಂದು ಕಾಣುತ್ತದೆ.

ಲಾರಿಯಲ್ಲಿದ್ದ ನನ್ನ ಪಾಲನ್ನು ಮಾರಿ, ಒಂದು ಮಿಷನ್ ಆಸ್ಪತ್ರೆಯವರು ಹಳ್ಳಿಗಳಿಗೆ ಔಷಧಿ ಒಯ್ಯುತ್ತಿದ್ದ ಹಳೇ ವ್ಯಾನನ್ನು ಕೊಂಡೆ. ಇಂಥದ್ದನ್ನು ಮೊದಲ ಸಲ ಕೊಳ್ಳುವವರ ಉಪಯೋಗಕ್ಕಾಗಿ ನಾನು ಕಲಿತದ್ದನ್ನು ಹೇಳುತ್ತೇನೆ, ತಮಗೂ ಇದರಲ್ಲಿ ಆಸಕ್ತಿ ಇರಬಹುದು. ಎಂಜಿನನ್ನು ಮಾತ್ರ ನೋಡಿ ಕೊಳ್ಳಬಾರದು, ಮಾಳಿಗೆಯ ಮೇಲೆ ನಾಲ್ಕು ಕೊಡ ನೀರು ಸುರಿಸಿ ನೋಡಬೇಕು. ನಾನು ಸುರಿಸಲಿಲ್ಲ, ಮೊದಲ ಮಳೆಗೇ ಅಕ್ಕನ ಹಾಸಿಗೆ ತೊಯ್ದು ತೊಪ್ಪೆಯಾಯಿತು. ಮಂಚವನ್ನೂ ನೀರಿನ ಪೀಪಾಯಿಯನ್ನೂ ಒಂದೇ ಮಗ್ಗುಲಿಗೆ ಇಡಬಾರದು. ತಿರುವಿನಲ್ಲಿ ಗಾಡಿ ಅತ್ತಲೇ ವಾಲುತ್ತದೆ. ಬಡಗಿ ಸೊಣ್ಣಪ್ಪ ಎರಡು ಸಲ ಬಿಚ್ಚಿ ಮೂರನೆಯ ಸಲ ಸರಿಯಾಗಿ ಕೂರಿಸಿದ. ಒಲೆಯನ್ನು ಬಾಗಿಲ ಹತ್ತಿರ ಇಡಬಾರದು ಎಂಬುದನ್ನು ನನ್ನ ಹೆಂಡತಿ ರಾಮಲಕ್ಷ್ಮಮ್ಮ ಸೀರೆಯ ಸೆರಗು ಸುಟ್ಟುಕೊಂಡು ಕಲಿತಳು. ಔಷಧಿಯ ವಾಸನೆಗೆ ಸಾಂಬ್ರಾಣಿ ಬಿಟ್ಟರೆ ಬೇರೆ ದಾರಿ ಇಲ್ಲ, ಅದೂ ತಿಂಗಳುಗಟ್ಟಲೆ ಹಾಕಬೇಕು. ಮಂಚದ ಪಕ್ಕಕ್ಕೆ ಒಂದು ದೊಡ್ಡ ಕಿಟಕಿ ಕೊಯ್ಯಿಸಿದೆವು. ಚಪ್ಪರದ ಪಕ್ಕ ನಿಲ್ಲಿಸಿದರೆ ಮಲಗಿದವಳಿಗೆ ಮದುಮಗಳ ಮುಖ ಕಾಣಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಎಲ್ಲಕ್ಕಿಂತ ದೊಡ್ಡ ಪಾಠ ಇನ್ನೂ ಇದೆ. ಹೆಂಗಸರು ಮಲಗುವ, ಹಾಲು ಕಾಯಿಸುವ ಜಾಗ ಎಂದ ಮೇಲೆ ಗೃಹಪ್ರವೇಶ ಮಾಡದೆ ಕಾಲಿಡುವುದುಂಟೇ? ಅಕ್ಕ ಹಟ ಹಿಡಿದಳು. ಬಾಗಿಲು ಪೂರ್ವಕ್ಕೆ ಬರುವ ಹಾಗೆ ನಿಲ್ಲಿಸಿದೆ. ವ್ಯಾನಿನ ಬಾಗಿಲು ಎಡಗಡೆಗೆ ಇರುತ್ತದೆ ಎಂಬುದು ತಮಗೂ ಗೊತ್ತಿರಬೇಕು. ಬಾಗಿಲು ಪೂರ್ವಕ್ಕೆ ಬಂದರೆ ಮೂತಿ ದಕ್ಷಿಣಕ್ಕೆ ಬರುತ್ತದೆ. ಯಮನ ದಿಕ್ಕಿಗೆ ಮುಖ ಮಾಡಿದ ಮನೆಯೇ ಎಂದು ಊರಿನ ಹಿರಿಯರು ಪಟ್ಟು ಹಿಡಿದರು. ಪುರೋಹಿತರು ಪಂಚಾಂಗವನ್ನೂ ತೆರೆಯಲಿಲ್ಲ. "ಮನೇಗೆ ಮೊಕ ಅಂದ್ರೆ ಬಾಗ್ಲು ಕಣ್ರಯ್ಯ. ಗಾಡಿ ಮೂತಿ ಎತ್ಲಾಗಿದ್ರೆ ನಮಗೇನು, ಹಾಲಿಕ್ಕಿ" ಎಂದರು. ಇದು ಎಲ್ಲಿಯವರೆಗೆ ಮನೆ, ಎಲ್ಲಿಂದಾಚೆ ಗಾಡಿ ಎಂಬ ಪ್ರಶ್ನೆಯನ್ನು ಆ ಬಡ ಬ್ರಾಹ್ಮಣರು ಒಂದು ಉಸಿರಿನಲ್ಲಿ ಬಗೆಹರಿಸಿದರು. ಹಸು ಮುಂದಿನ ಎರಡು ಕಾಲನ್ನು ಮೆಟ್ಟಿಲ ಮೇಲಿಟ್ಟು ಮುಂದಕ್ಕೆ ಬರಲೊಲ್ಲದೆ ನಿಂತುಬಿಟ್ಟಿತು, ಕರುವನ್ನು ಎತ್ತಿ ಒಳಗಿಟ್ಟು ಶಾಸ್ತ್ರ ಮುಗಿಸಿದೆವು.

ಇದಕ್ಕೆ ನಾನು ಹೊಸೂರಿನಲ್ಲಿ ಕಾರ್ಡು ಅಚ್ಚು ಹಾಕಿಸಿದ್ದೆ. ಗಣಪತಿಯ ಚಿತ್ರ, ಅದರ ಕೆಳಗೆ 'ನೂತನ ಗೃಹಪ್ರವೇಶ'. ವಾಹನದ ಕಾಗದಪತ್ರ ನನ್ನ ಹೆಸರಿಗೆ ಮಾಡಿಕೊಟ್ಟವರು ಎಂಬ ಮರ್ಯಾದೆಗೆ, ತಾಂಬೂಲದ ಜೊತೆ ಒಂದು ಕಾರ್ಡನ್ನು ತಮ್ಮ ಕಚೇರಿಗೂ ಒಯ್ದು ಕೊಟ್ಟೆ. ಆಗಿನ ಇನ್ಸ್‌ಪೆಕ್ಟರು ಬಂದರು. ಮೂರು ಹೋಳಿಗೆ ತಿಂದರು. ತುಪ್ಪ ಚೆನ್ನಾಗಿದೆ ಎಂದರು. ವ್ಯಾನಿನೊಳಗೆ ಹತ್ತಿ, ಅಕ್ಕನಿಗೆ ಕೈಮುಗಿದು, ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಆ ಕಾರ್ಡು ಅರಿಸಿನ ಕುಂಕುಮ ಹಚ್ಚಿದ್ದು ಹಚ್ಚಿದಂತೆಯೇ ತಮ್ಮ ಕಡತದಲ್ಲಿ ಸೇರಿಕೊಂಡಿತು. ಸರ್ಕಾರಿ ಕಚೇರಿಗೆ ಲಂಚ ಕೊಟ್ಟವನು ಸಿಕ್ಕಿಬೀಳುವುದಿಲ್ಲ, ಮರ್ಯಾದೆ ಕೊಟ್ಟವನು ಸಿಕ್ಕಿಬೀಳುತ್ತಾನೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಎರಡೂವರೆ ವರ್ಷ ಯಾರೂ ಆ ಕಡತ ತೆರೆಯಲಿಲ್ಲ. ಆ ಎರಡೂವರೆ ವರ್ಷದಲ್ಲಿ ಅಕ್ಕ ಅರವತ್ತಕ್ಕೂ ಹೆಚ್ಚು ಮದುವೆಗಳಿಗೆ ಹೋದಳು. ನಾನು ಚಪ್ಪರದ ಮಗ್ಗುಲಿಗೆ ವ್ಯಾನು ನಿಲ್ಲಿಸುತ್ತಿದ್ದೆ, ರಾಮಲಕ್ಷ್ಮಮ್ಮ ಕಿಟಕಿ ತೆರೆಯುತ್ತಿದ್ದಳು, ಹೆಂಗಸರು ಒರಳನ್ನು ಕಿಟಕಿಯ ಕೆಳಗೇ ಉರುಳಿಸಿಕೊಂಡು ಬರುತ್ತಿದ್ದರು. ಮೊದಲ ದಿನ ಅಕ್ಕನ ದನಿ ಹೊರಡಲಿಲ್ಲ. ಎರಡನೆಯ ಮದುವೆಯಲ್ಲಿ ಹೊರಟಿತು. ಮೂರನೆಯದರಲ್ಲಿ ಬೀಗರು, ಆ ಕಿಟಕಿ ಮುಚ್ಚಿಸಪ್ಪ, ಮಾನ ಹೋಗುತ್ತೆ ಎಂದು ನನ್ನ ಹತ್ತಿರ ಬಂದು ನಗುತ್ತಾ ಬೇಡಿಕೊಂಡರು. ರಾತ್ರಿ ಆನೆ ಬರುವ ಊರುಗಳಲ್ಲಿ ಆಕೆಗೋಸ್ಕರ ಅರಿಸಿನ ಶಾಸ್ತ್ರವನ್ನು ಹೊತ್ತು ಮುಳುಗುವ ಮೊದಲೇ ಇಟ್ಟುಕೊಂಡರು. ಎಂಟು ವರ್ಷ ಮುದುಡಿಕೊಂಡಿದ್ದ ನನ್ನ ಅಕ್ಕ ಮತ್ತೆ ಜನರ ನಡುವಿನ ಮನುಷ್ಯಳಾದಳು. ಇಷ್ಟು ಸುಖ ನಾನು ಲಾರಿ ಓಡಿಸಿದ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಆಮೇಲೆ ತಾವು ವರ್ಗವಾಗಿ ಬಂದಿರಿ. ಹೊಸಬರು, ಉತ್ಸಾಹಿಗಳು, ಕಡತ ತೆರೆದಿರಿ. ಕಾರ್ತಿಕ ಮಾಸದಲ್ಲಿ, ಬಾಗಲೂರಿನ ಒಂದು ಮದುವೆಗೆ ಹೊರಟಿದ್ದಾಗ ತಮ್ಮವರು ದಾರಿಯಲ್ಲಿ ನಿಲ್ಲಿಸಿದರು. ತಮ್ಮ ಆದೇಶವನ್ನು ಓದಿಸಿ ಕೇಳಿದೆ: ಈ ವಾಹನವನ್ನು ಮಾಲೀಕನೇ ಅಚ್ಚು ಹಾಕಿಸಿ ಮನೆಯೆಂದು ಘೋಷಿಸಿರುವುದರಿಂದ ಇದು ಮನೆ; ಮನೆ ರಸ್ತೆಯಲ್ಲಿ ಓಡತಕ್ಕದ್ದಲ್ಲ; ಆದ್ದರಿಂದ ಜಪ್ತಿ. ಅಕ್ಕನನ್ನು ಹಾಸಿಗೆಯ ಸಮೇತ ಇಳಿಸಿ ರಸ್ತೆಯ ಬದಿಯಲ್ಲಿಟ್ಟರು. ಬಿಸಿಲು ಏರುವವರೆಗೂ ಆಕೆ ಅಲ್ಲೇ ಇದ್ದಳು. ಬಾಗಲೂರಿನಲ್ಲಿ ಮಧ್ಯಾಹ್ನದವರೆಗೆ ಒನಕೆ ಎತ್ತದೆ ಕಾದರಂತೆ, ಆಮೇಲೆ ಹಾಡಿಲ್ಲದೆಯೇ ಕುಟ್ಟಿದರಂತೆ. ಆ ಮನೆಯವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಅದೇ ವಾಸಿ ಎನಿಸುತ್ತಿತ್ತು.

ಮನೆ ತಾನೇ, ಹಾಗಾದರೆ ಮನೆಯೆಂದೇ ಬರೆಸಿಕೊಳ್ಳೋಣ ಎಂದು ಪಂಚಾಯಿತಿಗೆ ಹೋದೆ. ತಳಪಾಯ ಇಲ್ಲದ್ದಕ್ಕೆ ಮನೆ ನಂಬರು ಕೊಡಲಾಗದು, ಟೈರಿರುವುದು ಎಂದಿಗೂ ಮನೆಯಾಗಲಾರದು ಎಂದು ಬರೆದುಕೊಟ್ಟರು. ಆ ಕಾಗದವನ್ನು ತಮ್ಮ ಕಚೇರಿಗೆ ತಂದೆ. ಪಂಚಾಯಿತಿಗೆ ಮೋಟಾರಿನ ವಿಷಯದಲ್ಲಿ ಅಭಿಪ್ರಾಯ ಹೇಳುವ ಅಧಿಕಾರವಿಲ್ಲ ಎಂದು ಹಿಂದಕ್ಕೆ ಕೊಟ್ಟರು. ಸ್ವಾಮಿ, ಚುನಾವಣೆ ಬಂದಾಗ ಹಾಸಿಗೆ, ಫ್ಯಾನು, ಊಟದ ಕ್ಯಾರಿಯರು ಇರುವ ವ್ಯಾನುಗಳಲ್ಲಿ ದೊಡ್ಡವರು ಊರೂರು ಮಲಗಿಕೊಂಡು ಹೋಗುತ್ತಾರಲ್ಲ, ಅವು ಮನೆಗಳೋ ವಾಹನಗಳೋ? ಸಿನಿಮಾದವರು ಡೆಂಕಣಿಕೋಟೆಯ ಕಾಡಿಗೆ ಬಂದಾಗ ನಾಯಕಿ ಬಣ್ಣ ಹಚ್ಚಿಕೊಂಡು ಮಲಗಿದ್ದ ವ್ಯಾನಿಗೆ ತಮ್ಮವರೇ ಮುಂದೆ ನಿಂತು ದಾರಿ ಬಿಡಿಸಿದರಲ್ಲ, ಅದಕ್ಕೆ ತಳಪಾಯ ಇತ್ತೇ? ಸೊಂಟ ಮುರಿದ ಹೆಂಗಸು ಮಲಗಿದ ಕೂಡಲೇ ವಾಹನ ಮನೆಯಾಗಿಬಿಡುವ ಕಲಮು ಯಾವುದು? ಅದರ ಸಂಖ್ಯೆಯನ್ನಾದರೂ ತಿಳಿಸಿ, ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ತಾನೇ ಬಂದು ಕೇಳುತ್ತೇನೆ ಎಂದಳು. ನಾಲ್ಕು ಜನ ಹಗ್ಗದ ಮಂಚದಲ್ಲಿ ಹೊತ್ತು, ಇಳಿಸಿ, ಮತ್ತೆ ಹೊತ್ತು ತಮ್ಮ ಬಾಗಿಲಿಗೆ ತಂದೆವು. ಮೂರು ಗಂಟೆಯ ಮೇಲೆ ತಾವು ಜಗಲಿಗೆ ಬಂದಿರಿ. ಮೆಟ್ಟಿಲು ಇಳಿಯಲಿಲ್ಲ. ಇಂಥವರು ಮನೆಯಲ್ಲಿರಬೇಕು, ಊರೂರು ತಿರುಗಬಾರದು ಎಂದು ತಮಿಳಿನಲ್ಲಿ ನನಗೆ ಹೇಳಿದಿರಿ, ಆಕೆಗೆ ತಿಳಿಯುವುದಿಲ್ಲವೆಂದು. ಆಕೆಗೆ ಮೂರು ಭಾಷೆಯೂ ತಿಳಿಯುತ್ತದೆ. ಮಲಗಿದಲ್ಲಿಂದಲೇ ಹುಣಸೆಮರದ ಕಡೆ ಕೈ ತೋರಿಸಿ, "ಅಗೋ ಅಲ್ಲೇ ಐತಲ್ಲ ಸಾಮಿ ನಮ್ ಮನೆ. ನೀವೇ ಕಟ್ಟಾಕಿದ್ದೀರಲ್ಲ" ಎಂದಳು. ತಾವು ಒಳಗೆ ಹೋಗಿಬಿಟ್ಟಿರಿ. ಈಗ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಊಟ ಬೇಡ ಎನ್ನುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮುಂದಿನ ತಿಂಗಳು ಮೂರನೇ ತಾರೀಖು ಸೋಮವಾರ ಡೆಂಕಣಿಕೋಟೆಯ ಇಂದ್ರಮ್ಮನ ಮಗಳ ಅರಿಸಿನ ಶಾಸ್ತ್ರ. ಇಂದ್ರಮ್ಮನ ಮದುವೆಗೂ ಅಕ್ಕನೇ ಹಾಡಿದವಳು. ಮೊನ್ನೆ ಆಕೆ ವೀಳ್ಯ ಕೊಡಲು ಬಂದಾಗ ಅಕ್ಕ, "ನಾನೆಲ್ಲಿ ಬರ್ಲವ್ವ, ಬೇರೇರ್ನ ನೋಡ್ಕೋ" ಎಂದಳು. ಇಂದ್ರಮ್ಮ, "ನೀನು ಚಪ್ರಕ್ಕೆ ಬರಾಕಾಗ್ದಿದ್ರೆ ಚಪ್ರನೇ ನಿನ್ನತ್ರ ಬತ್ತದೆ. ನಿನ್ ಮನೆ ಎಲ್ಲೈತೋ ಅಲ್ಲಿಗೇ ತತ್ತೀನಿ ನನ್ ಮಗಳ್ನ" ಎಂದು ವೀಳ್ಯವನ್ನು ಅಕ್ಕನ ಕೈಯಲ್ಲಿಟ್ಟು ಹೋದಳು. ಬೀಗರನ್ನೂ ಕೇಳಿದ್ದಾಳೆ, ಅವರೂ ಒಪ್ಪಿದ್ದಾರೆ.

ಆದ್ದರಿಂದ ನನ್ನ ಕೇಳಿಕೆ ಇಷ್ಟೇ. ಶಾಸ್ತ್ರದ ಹಿಂದಿನ ದಿನ ಭಾನುವಾರ ಸಂಜೆಯೊಳಗೆ ಚಕ್ರ ಹಾಕಿಸಿ ನನ್ನ ವಾಹನವನ್ನು ವಾಹನವೆಂದು ಬರೆದು ಬಿಟ್ಟುಕೊಡಿ, ನಾವೇ ಡೆಂಕಣಿಕೋಟೆಗೆ ಹೋಗುತ್ತೇವೆ. ಅದು ಮನೆಯೇ ಎನ್ನುವುದಾದರೆ ಹಾಗೂ ಆಗಲಿ. ತಮ್ಮ ಆದೇಶಕ್ಕೆ ತಲೆಬಾಗಿ ಮನೆಯವಳನ್ನು ಮನೆಗೆ ಸೇರಿಸುತ್ತೇವೆ. ಸೋಮವಾರ ಬೆಳಿಗ್ಗೆ ತಮ್ಮ ಅಂಗಳಕ್ಕೇ ಬಂದು ಅಕ್ಕನನ್ನು ಆ ವ್ಯಾನಿನ ಮಂಚದ ಮೇಲೆ ಮಲಗಿಸಿ ಕಿಟಕಿ ತೆರೆಯುತ್ತೇವೆ. ಒರಳು, ಒನಕೆ ನಾವೇ ತರುತ್ತೇವೆ. ಮದುಮಗಳೂ, ನಲವತ್ತು ಜನ ಮುತ್ತೈದೆಯರೂ ಬರುತ್ತಾರೆ. ತಾವು ಕುಡಿಯುವ ನೀರಿಗೆ ಮಾತ್ರ ಏರ್ಪಾಡು ಮಾಡಿಸಿ. ಮನೆಗೆ ಬಂದ ಹೆಣ್ಣುಮಕ್ಕಳು ಬಾಯಾರಿ ಹೋಗಬಾರದು.

ಇಂತಿ,
ತಮ್ಮ ಕಚೇರಿಯ ಅಂಗಳದಲ್ಲಿ ಸ್ವಂತ ಮನೆಯುಳ್ಳ
ಬೇರಿಕೆಯ ಆವುಲಪ್ಪ